ಕೊಳಗದ ಒಳಗಿನ ಹೆಸರುಗಳು

ಹಿತ್ತಾಳೆ ಪಾತ್ರೆಯನ್ನು ಕಲಾಯಿ ಹಾಕಿಸದೆ ಇನ್ನೊಬ್ಬರಿಗೆ ಕೊಡುವುದುಂಟೇ? ತ್ಯಾಗರಾಜನಗರದ ಶಾಂತಾದೇವಿಯ ತಲೆಯಲ್ಲಿ ಆ ಶನಿವಾರ ಇದ್ದದ್ದು ಇಷ್ಟೇ. ಕೊಳಗ ಹೋಗುತ್ತಿರುವುದು ಮ್ಯೂಸಿಯಮ್ಮಿಗೆ, ಅಲ್ಲಿ ಯಾರೂ ಅದರಲ್ಲಿ ಹುಳಿಸಾರು ಕುದಿಸುವುದಿಲ್ಲ ಎಂದು ಅವಳಿಗೆ ಯಾರು ಹೇಳಿದ್ದರು? ಗಂಡನಂತೂ ಹೇಳಿರಲಿಲ್ಲ. ಹೇಳಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುವುದು ಗಂಡಸರ ಜಾಯಮಾನ. ಬೀದಿಯಲ್ಲಿ ಕಲಾಯಿಯವನು ಕೂಗಿದ, ಇವಳು ಕೊಳಗ ಕೊಟ್ಟಳು, ಅವನು ಒಳಗೆಲ್ಲ ಬೆಳ್ಳಗೆ ಫಳಫಳ ಮಾಡಿಕೊಟ್ಟು ಹೋದ.

ಮಧ್ಯಾಹ್ನ ಚನ್ನಬಸವಯ್ಯ ಬಂದು ಕೊಳಗದೊಳಗೆ ಇಣುಕಿದ. ಅದನ್ನು ಬಾಗಿಲ ಬೆಳಕಿಗೆ ಒಯ್ದು ಮತ್ತೆ ಇಣುಕಿದ.

"ಶಾಂತಾ, ಏನೇ ಮಾಡ್ಬಿಟ್ಟೆ?"

"ಯಾಕ್ರೀ, ಚೆನ್ನಾಗಾಗಿದೆ ಅಲ್ವಾ?" ಎಂದಳು ಅವಳು. ಆ ಮಾತು ನೆನಪಾದಾಗಲೆಲ್ಲ ಅವಳಿಗೆ ಆಮೇಲೆ ನಾಲಿಗೆ ಕಿತ್ತುಕೊಳ್ಳುವ ಹಾಗಾಗುತ್ತಿತ್ತು.

ಚನ್ನಬಸವಯ್ಯ ಸೈನ್ಯಕ್ಕೆ ದಾರಿ ಮಾಡುವ, ಸೇತುವೆ ಕಟ್ಟುವ ಸ್ಯಾಪರ್ ಪಡೆಯಲ್ಲಿ ಹವಾಲ್ದಾರನಾಗಿದ್ದವನು. ನಲವತ್ತನಾಲ್ಕರ ಯುದ್ಧದಲ್ಲಿ ಬರ್ಮಾದ ಒಂದು ಹೊಳೆಯ ದಡದಲ್ಲಿ ಅವನ ಜೊತೆಯ ಆರು ಜನ ಈ ಕೊಳಗದ ಕಂಠದ ಕೆಳಗೆ, ಒಳಮೈಯಲ್ಲಿ, ಮೊಳೆಯಿಂದ ತಂತಮ್ಮ ಹೆಸರು ಗೀರಿದ್ದರು. ಒಂದು ಬೆಳಿಗ್ಗೆ ಇವನು ಚಹಾಕ್ಕೆಂದು ಕೊಳಗ ಹಿಡಿದು ಮೇಲಿನ ತೊರೆಗೆ ನೀರಿಗೆ ಹೋದ. ವಿಮಾನ ಬಂತು. ಅರ್ಧ ಕಟ್ಟಿದ ಸೇತುವೆ, ಆರು ಜನ, ಕಂಪನಿಯ ದಾಖಲೆ ಪೆಟ್ಟಿಗೆ, ಎಲ್ಲವೂ ಹೊಳೆಯ ಪಾಲಾಯಿತು. ಉಳಿದದ್ದು ಇವನು ಮತ್ತು ತುಂಬಿದ ಕೊಳಗ. ಹದಿನೈದು ವರ್ಷದಿಂದ ಮನೆಮಂದಿ ಅದರ ನೀರನ್ನೇ ಕುಡಿಯುತ್ತಿದ್ದರು. ಈಗ ಪಡೆಯವರು ತಮ್ಮ ಮ್ಯೂಸಿಯಮ್ಮಿಗೆಂದು ಹಳೆಯ ಗರಗಸ, ದಿಕ್ಸೂಚಿ, ಸೇತುವೆಯ ಮಾದರಿಗಳನ್ನೆಲ್ಲ ಕೂಡಿಹಾಕುತ್ತಿದ್ದರು. ಸೋಮವಾರ ಒಬ್ಬ ಕ್ಯಾಪ್ಟನ್ ಬಂದು ಕೊಳಗವನ್ನೂ ಒಯ್ಯುವವನಿದ್ದ.

ಐದು ಹೆಸರು ಚನ್ನಬಸವಯ್ಯನಿಗೆ ಊರು ಸಮೇತ ಬಾಯಿಪಾಠ. ಆರನೆಯವನು ಬೇರೆ ಯಾವುದೋ ಕಂಪನಿಯಿಂದ ಬಂದು ಹನ್ನೊಂದೇ ದಿನವಾಗಿತ್ತು. ಎಲ್ಲರೂ ಅವನನ್ನು ಹೊಸಬ, ಹೊಸಬ ಎಂದೇ ಕರೆದರು. ಅವನು ಗೀರಿದ್ದು ತಮಿಳಿನಲ್ಲಿ. ಇಂದು ಓದಿಸಿದರಾಯಿತು, ನಾಳೆ ಓದಿಸಿದರಾಯಿತು ಎಂದು ಹವಾಲ್ದಾರರು ಹದಿನೈದು ವರ್ಷ ಕಳೆದಿದ್ದರು.

ಇಬ್ಬರೂ ಕೊಳಗ ಹೊತ್ತು ಕಲಾಯಿಯವನನ್ನು ಹುಡುಕಿಕೊಂಡು ಇಟ್ಟಮಡುವಿನ ತನಕ ಓಡಿದರು. ರಾಗಿ ಹೊಲದ ಬದಿಯ ಮರದಡಿ ಅವನು ಸಿಕ್ಕಿದ. ಕೊಳಗವನ್ನು ಕೆಂಡದ ಮೇಲಿಟ್ಟು, ತವರ ಕರಗಿದಂತೆ ಅರಿವೆಯಿಂದ ಒರೆಸಿದ. ಆಳವಾಗಿ ಗೀರಿದ ಐದು ಹೆಸರು ಬೆಳ್ಳನೆ ಕೂದಲೆಳೆಗಳಾಗಿ ಎದ್ದು ಬಂದವು. ಆರನೆಯದರ ಜಾಗದಲ್ಲಿ ಏನೂ ಇರಲಿಲ್ಲ.

"ಇನ್ನೊಂದ್ಸಲ ಒರೆಸಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದ ಚನ್ನಬಸವಯ್ಯ.

"ಮೊದ್ಲು ಮರಳು ಹಾಕಿ ಕಾಲಲ್ಲಿ ತಿಕ್ತೀನಣ್ಣಾ. ತೆಳ್ಳಗಿದ್ದಿದ್ದು ಸವೆದೋಯ್ತು. ಇಲ್ದೇ ಇರೋದನ್ನ ಎಲ್ಲಿಂದ ತರ್ಲಿ?"

ಭಾನುವಾರ ಚನ್ನಬಸವಯ್ಯ ಅನ್ನ ಮುಟ್ಟಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಶಾಂತಾದೇವಿ ಅತ್ತು ಹಗುರಾಗುತ್ತಿದ್ದಳು. ಗೊತ್ತಿದ್ದ ತಮಿಳು ಹೆಸರುಗಳನ್ನೆಲ್ಲ ಒಂದೊಂದಾಗಿ ಗೊಣಗಿ, ತಲೆಯಾಡಿಸಿ, ಮತ್ತೆ ಮೊದಲಿನಿಂದ ಗೊಣಗುತ್ತಿದ್ದ. ಅವಳು ಕೇಳಲಾರದೆ ಅಡುಗೆಮನೆ ಸೇರಿ, ಏನೂ ತೋಚದೆ ಕೊಳಗ ತೊಳೆಯಲು ಕೂತಳು. ಬೆರಳು ತಮ್ಮ ಪಾಡಿಗೆ ತಾವು ಕಂಠದ ಕೆಳಗೆ ಸರಿದವು. ಇಲ್ಲಿ ಒಂದು ಕೊಕ್ಕೆ ಇತ್ತಲ್ಲ? ಪಕ್ಕದಲ್ಲೇ ಒಂದು ಸುರುಳಿ, ಅದಕ್ಕೆ ಆತುಕೊಂಡ ಕಂಬ. ದಿನಾ ಹುಣಿಸೆಹಣ್ಣು ಹಚ್ಚಿ ತಿಕ್ಕಿದ ಕೈ ಅದು. ಅವಳಿಗೆ ಕನ್ನಡವೂ ಓದಲು ಬಾರದು. ಆದರೂ ರಂಗೋಲಿ ಡಬ್ಬಿ ತಂದು, ಕಣ್ಣು ಮುಚ್ಚಿ, ಬೆರಳು ಹೇಳಿದ್ದನ್ನು ನೆಲದ ಮೇಲೆ ಎಳೆದಳು.

ಪಕ್ಕದ ಮನೆಯ ತಮಿಳಿನ ಚೂಡಾಮಣಿ ಮಾಮಿ ಬಂದು ಬಗ್ಗಿ ನೋಡಿದರು. "ಇದು ವೇ. ಇದು ಲು. ವೇಲು... ಮುಂದೆ ಏನಮ್ಮಾ? ವೇಲುಸಾಮಿನಾ? ವೇಲುಮಣಿನಾ?"

ಶಾಂತಾದೇವಿ ಮತ್ತೆ ಕಣ್ಣು ಮುಚ್ಚಿದಳು. ಮುಂದೆ ಗೀರು ಇತ್ತು, ಇದ್ದದ್ದು ಖಂಡಿತ. ಆದರೆ ಅಲ್ಲಿ ಹಿತ್ತಾಳೆಯ ಸಿಬಿರೊಂದು ಎದ್ದು ಬೆರಳಿಗೆ ಚುಚ್ಚುತ್ತಿತ್ತು. ಹದಿನೈದು ವರ್ಷವೂ ಅವಳು ಆ ಜಾಗ ಬಿಟ್ಟು ತಿಕ್ಕಿದ್ದಳು. ಸಾಯಂಕಾಲದವರೆಗೂ ರಂಗೋಲಿ ಎಳೆದಳು, ಅಳಿಸಿದಳು, ಎಳೆದಳು. ಮಾಮಿ ಪ್ರತಿಸಲವೂ ಇಲ್ಲವೆಂದು ಕೈಯಾಡಿಸಿದರು.

ಸೋಮವಾರ ಬೆಳಿಗ್ಗೆ ಕ್ಯಾಪ್ಟನ್ ಬಂದ. ಕೊಡಗಿನವನು, ಕನ್ನಡ ಬರುತ್ತಿತ್ತು. ಕೊಳಗವನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ಗಾಜಿನ ಪೆಟ್ಟಿಗೆಯ ಪಕ್ಕ ಇಡುವ ಚೀಟಿಗೆಂದು ಹೆಸರು ಬರೆದುಕೊಳ್ಳತೊಡಗಿದ. ಐದು ಮುಗಿದವು.

"ಆರನೆಯವರು?"

"ವೇಲು," ಎಂದ ಚನ್ನಬಸವಯ್ಯ.

"ವೇಲು ಅಷ್ಟೇನಾ? ಪೂರ್ತಿ ಹೆಸರು?"

ಪರಗಂಡಸರೆದುರು ಎಂದೂ ಬಾಯಿ ತೆರೆಯದ ಶಾಂತಾದೇವಿ ಬಾಗಿಲ ಮರೆಯಿಂದ ಈಚೆ ಬಂದಳು.

"ಮಿಕ್ಕಿದ್ದು ನಾನು ಅಳಿಸ್ಬಿಟ್ಟೆ ಸಾರ್. ಅವರ ಮನೆಯೋರು ಯಾರಾದ್ರೂ ಬಂದು ಕೇಳಿದ್ರೆ, ಈ ಮನೆಗೆ ಕಳ್ಸಿ. ನಾನು ಹೇಳ್ತೀನಿ."

"ಅವಳ ಮಾತು ಬರ್ಕೋಬೇಡಿ ಸಾರ್," ಎಂದ ಚನ್ನಬಸವಯ್ಯ. "ಅವನು ಹನ್ನೊಂದು ದಿನ ನನ್ನ ಪಕ್ಕದಲ್ಲೇ ಮಲಗ್ತಿದ್ದ. ನಿನ್ನ ಹೆಸರೇನಪ್ಪಾ ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲ."