ಮುರಿಯದ ಕಿವಿ

ಎರಡು ಸಾವಿರದ ಐದರ ಏಪ್ರಿಲ್ ಮುಗಿಯುತ್ತ ಬಂದಿತ್ತು. ಏಪ್ರಿಲ್‌ಗೇ ಚಳಿ ಶುರುವಾಗುವ ಕ್ರಾನ್‌ಬರ್ನ್‌ನಲ್ಲಿ ಬೆಳಗಿನ ಹೊತ್ತು ಮಣ್ಣು ಕೈಗೆ ತಣ್ಣಗೆ ಹತ್ತುತ್ತಿತ್ತು. ಮಗಳ ಹಿತ್ತಲಿನಲ್ಲಿ ಮೆಂತ್ಯದ ಮಡಿ ಹದ ಮಾಡುತ್ತಿದ್ದ ಬಸವಣ್ಣೆಪ್ಪನ ಕಣ್ಣು ಮಾತ್ರ ಬೇಲಿಯಾಚೆಗಿತ್ತು. ಅಲ್ಲಿ ಪಕ್ಕದ ಮನೆಯ ಡೆಲ್ಬರ್ಟ್ ಉದುರಿದ ಎಲೆ ಗುಡಿಸುತ್ತಿದ್ದ. ಎಪ್ಪತ್ತಾರರ ಅಮೆರಿಕದ ಮುದುಕ. ಇಲ್ಲಿಯವಳನ್ನು ಮದುವೆಯಾಗಿ ಬಂದು, ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದ. ಬಸವಣ್ಣೆಪ್ಪ ನೋಡುತ್ತಿದ್ದುದು ಅವನ ಕಿವಿಗಳನ್ನು.

ಡೆಲ್ಬರ್ಟ್‌ನ ಕತೆಯನ್ನು ಮಗಳು ಮಹಾಶ್ವೇತಾ ಕನ್ನಡಕ್ಕೆ ತಿರುಗಿಸಿ ಹೇಳಿದ್ದಳು. ಗಣಿ ಕೂಲಿಯವನ ಮಗ. ಐವತ್ತರ ದಶಕದಲ್ಲಿ ಎಂಟು ವರ್ಷ ಅಮೆರಿಕದ ಫುಟ್‌ಬಾಲ್ ಆಡಿದವನು. ಚೆಂಡು ಮುಟ್ಟುವ ಆಟಗಾರನಲ್ಲ. ಮುಂದಿನ ಸಾಲಿನಲ್ಲಿ ನಿಂತು ಎದುರಿನವನಿಗೆ ಡಿಕ್ಕಿ ಕೊಡುವವನು. ಆಟವಿಲ್ಲದ ತಿಂಗಳು ಟೈರ್ ಮಾರುತ್ತಿದ್ದ. ಮೊಣಕಾಲು ಹೋಯಿತು, ಆಟವೂ ಹೋಯಿತು. ತೋರಿಸಲು ಒಂದು ಫೋಟೋ ಕೂಡ ಇರಲಿಲ್ಲ.

"ಅಪ್ಪಾ, ನಾಳೆ ಊರಿನ ಕೌನ್ಸಿಲ್‌ನಿಂದ ಒಬ್ಬರು ಲೇಡಿ ಬರ್ತಾರ," ಚಹಾ ತಂದ ಮಹಾಶ್ವೇತಾ ದನಿ ತಗ್ಗಿಸಿದಳು. "ಡೆಲ್ ಅಂಕಲ್ ಒಬ್ರೇ ಇರಬಹುದೋ ಇಲ್ಲೋ ಚೆಕ್ ಮಾಡಾಕ. ಫುಟ್‌ಬಾಲ್ ಕತಿ ಎಲ್ಲಾ ತಲಿ ಕೆಟ್ಟು ಹೇಳೋದು ಅಂತ ಸಿಡ್ನಿಯಿಂದ ಅವರ ಹೆಂಡ್ತಿ ತಮ್ಮನ ಮಗಳು ಬರದಾಳ. ಹೌದು ಅಂತಾದ್ರ ಮನಿ ಬಿಡಿಸಿ ನರ್ಸಿಂಗ್ ಹೋಮ್‌ಗೆ ಹಾಕ್ತಾರ. ದಿನಾ ಅವರನ್ನ ನೋಡಾಂವ ನೀನ. ನಿನ್ನ ಕೇಳ್ತಾರ."

"ಕೇಳಲಿ. ತಲಿಗೆ ತಲಿ ಕೊಟ್ಟಾನಂತ ಎಂಟು ವರ್ಷ! ಕಿವಿ ನೋಡಿದ್ರ ಹಸುಗೂಸಿನ ಕಿವಿ. ನಂದು ನೋಡು." ಹದಿನೆಂಟು ವರ್ಷದ ಕುಸ್ತಿ ಬಸವಣ್ಣೆಪ್ಪನ ಎಡಗಿವಿಯನ್ನು ಒಣ ಅಂಜೂರದಂತೆ ಮುದುರಿಸಿತ್ತು.

"ಎಲ್ಲಾರೂ ನಿನ್ನಂಗ ಕಿವಿ ಮುರಕೊಂಡಿರಬೇಕೇನು?"

"ಪೈಲ್ವಾನ ಅಂದಮ್ಯಾಲೆ ಮುರಕೊಂಡಿರಬೇಕು. ಸುಳ್ಳಿಗೆ ಸಾಕ್ಷಿ ನಾ ಆಗಂಗಿಲ್ಲವಾ."

ಮರುದಿನ ಬಂದ ಹೆಂಗಸಿಗೆ ಬಸವಣ್ಣೆಪ್ಪ ಹಿತ್ತಲಲ್ಲೇ ನಿಂತು ಅದನ್ನೇ ಹೇಳಿದ: ಕಿವಿ ಮುರಿದಿಲ್ಲ, ಆಟದ ಕತೆ ಸುಳ್ಳು. ಮಹಾಶ್ವೇತಾ ಒಲ್ಲದ ಮನಸ್ಸಿನಿಂದ ಇಂಗ್ಲಿಷಿಗೆ ತಿರುಗಿಸಿದಳು. ಹೆಂಗಸು ಬರೆದುಕೊಂಡಳು. ಬೇಲಿಯಾಚೆ ಪೊರಕೆಯ ಸಪ್ಪಳ ನಿಂತಿತು.

ಎರಡು ದಿನ ಕಳೆದು, ಬಸವಣ್ಣೆಪ್ಪ ಬಚ್ಚಲ ನೀರು ತುಂಬಿದ ಪೀಪಾಯಿಯನ್ನು ಮಡಿಯ ಹತ್ತಿರ ಸರಿಸಲು ಹೆಣಗುತ್ತಿದ್ದ. ಅದು ಜಗ್ಗಲಿಲ್ಲ. ಡೆಲ್ಬರ್ಟ್ ಗೇಟು ತೆರೆದು ಬಂದ. ಬಗ್ಗಿ, ಡಿಕ್ಕಿಗೆ ಸಜ್ಜಾದವನಂತೆ ಬಲಗೈಯ ಬೆರಳು ನೆಲಕ್ಕೂರಿದ. ಸೊಂಟ ಮೇಲೆ, ಕತ್ತು ಬಿಗಿ, ಕಣ್ಣು ಮುಂದೆ. ಗರಡಿಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಆದರೆ ಹಾಗೆ ನಿಲ್ಲಬೇಕಾದರೆ ಯಾವನೋ ಉಸ್ತಾದ ಹಿಂದೆ ನಿಂತು ವರ್ಷಗಟ್ಟಲೆ ಬೈದಿರಬೇಕು. ಮೊಣಕಾಲು ಲಟಕ್ಕೆಂದಿತು, ಭುಜ ಬಡಿಯಿತು, ಪೀಪಾಯಿ ಒಂದೂವರೆ ಮೊಳ ಸರಿಯಿತು.

ಮುದುಕನಿಗೆ ಏಳಲಾಗಲಿಲ್ಲ. ಬಸವಣ್ಣೆಪ್ಪ ಕೈ ಕೊಟ್ಟು ಎಬ್ಬಿಸಿದ. ಹಿಡಿದ ಆ ಮುದುಕನ ಕೈಯಲ್ಲಿ ಒಂದು ಬೆರಳೂ ನೆಟ್ಟಗಿರಲಿಲ್ಲ. ಬಸವಣ್ಣೆಪ್ಪ ತನ್ನ ಮುದುರಿದ ಕಿವಿ ಹಿಡಿದು, ಡೆಲ್ಬರ್ಟ್‌ನ ಕಿವಿಯತ್ತ ಬೆರಳು ಮಾಡಿದ. ಡೆಲ್ಬರ್ಟ್ ನಕ್ಕು, ಎರಡೂ ಅಂಗೈಯಿಂದ ತಲೆಯನ್ನು ಕಿವಿಯ ಸಮೇತ ಒತ್ತಿಕೊಂಡ.

"ಹೆಲ್ಮೆಟ್, ಮೇಟ್."

ಹೆಲ್ಮೆಟ್ ಎಂಬ ಮಾತು ಬಸವಣ್ಣೆಪ್ಪನಿಗೂ ಗೊತ್ತಿತ್ತು.

ಸಂಜೆ ಡ್ಯೂಟಿಯಿಂದ ಬಂದ ಮಗಳಿಗೆ ಬ್ಯಾಗ್ ಇಡುವುದಕ್ಕೂ ಅವನು ಬಿಡಲಿಲ್ಲ. "ಆ ಮೇಡಮ್ಮಗ ಫೋನ್ ಹಚ್ಚು. ಮುದುಕ ಸುಳ್ಳು ಹೇಳಿಲ್ಲ, ನಾನ ತಪ್ಪು ಹೇಳೇನಿ ಅನ್ನು."

ಮಹಾಶ್ವೇತಾ ಬಹಳ ಹೊತ್ತು ಮಾತಾಡಿ ಫೋನ್ ಇಟ್ಟಳು. "ಬರ್ಕೋತೀವಿ ಅಂದ್ರು. ಆದ್ರ ಮೊದಲನೇ ರಿಪೋರ್ಟ್ ಸಿಡ್ನಿಗೆ ಹೋಗೇತಂತ. ರವಿವಾರ ಆ ಸಿಡ್ನಿಯಾಕಿ ಬಂದು ಡಿಸೈಡ್ ಮಾಡ್ತಾಳ." ಬ್ಯಾಗ್ ಕೆಳಗಿಟ್ಟು ಕೇಳಿದಳು, "ಹಂಗ ಹೇಳಿದ್ದು ನೀನ ಅಂತ ಅಂಕಲ್‌ಗೆ ಗೊತ್ತೈತೇನು?"

"ಬೇಲಿ ಬಾಜೂಕ ನಿಂತು ಕೇಳಿದ್ನಲ್ಲ. ಕೇಳೀನೂ ಪೀಪಾಯಿ ದಬ್ಬಾಕ ಬಂದ."

ರವಿವಾರ ಬಸವಣ್ಣೆಪ್ಪ ಇಸ್ತ್ರಿ ಅಂಗಿ ತೊಟ್ಟು ರುಮಾಲು ಸುತ್ತಿದ. ಸಿಡ್ನಿಯವಳಿಗೆ ತನ್ನ ಮಾತು ತಿರುಗಿಸಿ ಹೇಳಲೆಂದು ಮಗಳನ್ನೂ ಕರೆದುಕೊಂಡು ಪಕ್ಕದ ಮನೆಯ ಜಗಲಿ ಹತ್ತಿದ. ಡೆಲ್ಬರ್ಟ್ ಅವನನ್ನೂ ಅವನ ರುಮಾಲನ್ನೂ ನೋಡಿದ. ಒಳಗೆ ಹೋಗಿ ಎರಡು ಕುರ್ಚಿ ಎಳೆದು ತಂದು, ಒಂದನ್ನು ತನ್ನ ಕುರ್ಚಿಗೆ ತಾಗಿಸಿ ಇಟ್ಟ. ಬಸವಣ್ಣೆಪ್ಪ ಕೂತ. ಇನ್ನೊಂದರಲ್ಲಿ ಮಗಳು ಕೂತಳು. ಮನೆ ನಂಬರ್ ಹುಡುಕುತ್ತ ಒಂದು ಕಾರು ನಿಧಾನವಾಗಿ ಬೀದಿಗೆ ತಿರುಗಿತು.