ಒಂದಾಗಿಸಿದ ನಲವತ್ತೊಂದು ಜೋಡಿಗಳು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಣೆಯಾದವರ ಪಟ್ಟಿಯ ಅಂತಿಮ ಪ್ರತಿ ಮುದ್ರಣಗೊಂಡಿತು. ಹನ್ನೊಂದೂಕಾಲಿಗೆ ಆ ಹೆಂಗಸು ಬಂದರು. ಸಂಜೆ ಐದಕ್ಕೆ ಪಟ್ಟಿ ಅಂತರರಾಷ್ಟ್ರೀಯ ಸಮಿತಿಗೆ ತಲುಪಬೇಕಿತ್ತು. ಆಮೇಲೆ ಎರಡು ವರ್ಷ ಅದಕ್ಕೆ ಒಂದು ಸಾಲನ್ನೂ ಸೇರಿಸುವಂತಿರಲಿಲ್ಲ. ನಡೆದದ್ದನ್ನು ಇದೇ ಕ್ರಮದಲ್ಲಿ ಬರೆಯುತ್ತೇನೆ.

ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ನಾನು ಮೂರು ತಿಂಗಳ ಇಂಟರ್ನ್. ರಸಾಯನಶಾಸ್ತ್ರ ಓದಿದವಳಿಗೆ ಅಲ್ಲೇನು ಕೆಲಸವೆಂದು ಸಂದರ್ಶನದಲ್ಲಿ ಯಾರೂ ಕೇಳಲಿಲ್ಲ. ಮನೆಯಲ್ಲಿ ಅಕ್ಕ ಕೇಳಿದಳು. ಸಮವಸ್ತ್ರದವರು ಕರೆದೊಯ್ದ ಮೇಲೆ ಮನೆಗೆ ಮರಳದವರ ಬಗ್ಗೆ ಕುಟುಂಬದವರು ನಮೂನೆ ತುಂಬಿಸುತ್ತಾರೆ, ಒಬ್ಬನ ಬಗ್ಗೆ ಎರಡು ಬಂದಿದ್ದರೆ ಅವನ್ನು ಒಂದಾಗಿಸುತ್ತೇನೆ ಎಂದೆ.

"ಅಂದ್ರೆ ಬೇಳೆಯಲ್ಲಿ ಕಲ್ಲು ಆರಿಸೋ ಕೆಲಸ! ಅದನ್ನ ಹತ್ತು ವರ್ಷದಿಂದ ಮಾಡ್ತಿದ್ದೀನಿ ಕಣೇ, ನನಗೂ ಒಂದು ಸರ್ಟಿಫಿಕೇಟ್ ಕೊಡಿಸು," ಎಂದಳು ಅಕ್ಕ.

ನನ್ನ ಕೈಗೆ ಬರುವ ನಮೂನೆಗಳಲ್ಲಿ ಹೆಸರಿರುತ್ತಿರಲಿಲ್ಲ. ಹೆಸರು ಹೊರಬಿದ್ದರೆ ಮನೆಯಲ್ಲಿ ಉಳಿದವರಿಗೂ ಅಪಾಯ. ಹೆಸರುಗಳು ಮೊಹರು ಮಾಡಿದ ಲಕೋಟೆಗಳಲ್ಲಿ, ಲಕೋಟೆಗಳು ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಕೀಲಿ ದಾಖಲೆ ವಿಭಾಗದ ಮುಖ್ಯಸ್ಥೆಯ ಕೊರಳಲ್ಲಿ. ಕಚೇರಿಯಲ್ಲಿ ಎಲ್ಲರೂ ಅವರನ್ನು ಕೀಲಿ ಮೇಡಂ ಎನ್ನುತ್ತಿದ್ದರು. ನನಗೆ ಸಿಗುತ್ತಿದ್ದುದು ಒಂದು ಸಂಖ್ಯೆ ಮತ್ತು ಏಳು ಅಂಕಣ: ಹುಟ್ಟಿದ ದಿನ, ಎತ್ತರ, ಊರಿನ ಸಂಕೇತ, ಕಾಣೆಯಾದ ದಿನ, ಕಾಣೆಯಾದ ಜಾಗ, ಉಡುಪು, ದೇಹದ ಮೇಲಿನ ಗುರುತು. ಏಳರಲ್ಲಿ ಐದು ಹೊಂದಿದರೆ ಎರಡೂ ಒಬ್ಬನವೇ. ಒಂದರಲ್ಲಿ ಖಾಲಿ ಬಿಟ್ಟ ಅಂಕಣ ಇನ್ನೊಂದರಲ್ಲಿ ತುಂಬಿದ್ದರೆ ತುಂಬಿದ್ದನ್ನೇ ಉಳಿಸಬೇಕು.

"ಒಬ್ಬನನ್ನ ಎರಡು ಸಲ ಎಣಿಸಿದ್ದು ಸಿಕ್ಕಿಬಿದ್ರೆ ಸಾಕು, ಇಡೀ ಪಟ್ಟಿನೇ ಕಾಗೆ ಲೆಕ್ಕ ಅಂತಾರೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡು," ಎಂದಿದ್ದರು ಮೇಡಂ.

ನೋಡಿದೆ. ಮೊದಲ ವಾರ ನಮೂನೆಗಳನ್ನು ಓದಿದೆ. ಎರಡನೆಯ ವಾರದಿಂದ ಹೋಲಿಸಿದೆ. ಓದುತ್ತಿದ್ದಾಗ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಹೋಲಿಸತೊಡಗಿದ ಮೇಲೆ ಸೇರಿತು. ಒಟ್ಟು ನಲವತ್ತೊಂದು ಜೋಡಿಗಳನ್ನು ಒಂದಾಗಿಸಿದ್ದೆ. ಪಟ್ಟಿ ಆರುನೂರ ಹದಿನೈದಕ್ಕೆ ನಿಂತಿತ್ತು.

ಬಂದ ಹೆಂಗಸು ಹೊಲಿಗೆ ಕೆಲಸದವರು. ಎರಡು ರಸೀದಿಗಳನ್ನು ಗುಂಡುಸೂಜಿಯಿಂದ ಸೇರಿಸಿ ಹಿಡಿದಿದ್ದರು. ಒಂದೊಂದರ ಮೇಲೂ ಒಂದೊಂದು ನಮೂನೆಯ ಸಂಖ್ಯೆ.

"ಈ ನಂಬರ್ ಪಟ್ಟಿಯಲ್ಲಿದೆ ಅಂದ್ರು ಮುಂದಿನ ಮೇಜಿನವರು. ಈ ಇನ್ನೊಂದು ಇಲ್ವಂತೆ. ಯಾಕಮ್ಮಾ?"

ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. "ಎರಡೂ ಒಂದೇ ಅಮ್ಮಾ. ಒಬ್ಬರ ಬಗ್ಗೆ ಎರಡು ಸಲ ಬರೆಸಿದ್ದೀರಿ."

"ಒಬ್ಬನಲ್ಲ ತಾಯಿ, ಇಬ್ಬರು."

"ಹುಟ್ಟಿದ ದಿನ ಒಂದೇ ಇದೆ."

"ಒಂದೇ ದಿನ ಹುಟ್ಟಿದವರಿಗೆ ಇನ್ಯಾವ ದಿನ ಬರೆಸ್ಲಿ? ಕಾಲು ಗಂಟೆ ಹಿಂದೆ ಮುಂದೆ ಬಂದ್ರು, ಅಷ್ಟೆ."

"ಅಂಗಿಯ ಬಣ್ಣವೂ..."

"ಒಂದೇ ಥಾನಿನಲ್ಲಿ ಕತ್ತರಿಸಿ ನಾನೇ ಹೊಲಿದಿದ್ದು. ಬೇರೆ ಬೇರೆ ಬಟ್ಟೆ ತಂದ್ರೆ ಕತ್ತೆ ವಯಸ್ಸಾದ್ರೂ ಜಗಳಕ್ಕೆ ನಿಲ್ತಿದ್ರು."

ಎರಡನೆಯ ನಮೂನೆಯಲ್ಲಿ ಗುರುತಿನ ಅಂಕಣ ಏಕೆ ಖಾಲಿಯಿದೆ ಎಂದು ಕೇಳಿದೆ.

"ದೊಡ್ಡವನಿಗೆ ಹುಬ್ಬಿನ ಮೇಲೆ ಇಸ್ತ್ರಿಪೆಟ್ಟಿಗೆ ತಗುಲಿದ ಗಾಯ ಇದೆ, ಬರೆಸಿದೆ. ಚಿಕ್ಕವನ ಮೈ ಮೇಲೆ ಒಂದು ಮಚ್ಚೆನೂ ಇಲ್ಲ. ಇಲ್ಲದ್ದನ್ನ ಹೇಗೆ ಬರೆಸ್ಲಿ, ನೀನೇ ಹೇಳು?"

ಅವರು ರಸೀದಿಗಳನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ನನ್ನ ಕಡೆ ಸರಿಸಿದರು. "ಇಬ್ಬರನ್ನೂ ಬರೀಬೇಕು ಮಗಳೇ. ಹುಡುಕೋಕೆ ಹೋದವರು ಒಬ್ಬ ಸಿಕ್ಕಿದ ತಕ್ಷಣ ಆಯ್ತು ಅಂತ ನಿಲ್ಲಿಸಿಬಿಡ್ತಾರೆ."

ಆಗ ಹನ್ನೊಂದು ಮೂವತ್ತೆರಡು. ಏನಾದರೂ ಅನಿಸಬೇಕಿತ್ತು ಎಂಬುದು ನನಗೆ ತಿಳಿದಿತ್ತು. ಅವರಿಗೆ ಒಂದು ಲೋಟ ನೀರು ಕೊಟ್ಟು, ಬೆಂಚಿನ ಮೇಲೆ ಕೂರಿಸಿ, ರಸೀದಿಗಳೊಂದಿಗೆ ಮೇಡಂ ಬಳಿಗೆ ಹೋದೆ.

ಲಕೋಟೆ ಒಡೆಯಲು ನಿರ್ದೇಶಕರ ಲಿಖಿತ ಅನುಮತಿ ಬೇಕು. ಅದು ಸಿಗುವಾಗ ಮಧ್ಯಾಹ್ನ ಒಂದು ಗಂಟೆಯಾಯಿತು. ಮೇಡಂ ಬೀರುವಿನ ಬಾಗಿಲನ್ನು ಅರ್ಧ ತೆರೆದು, ಅದರ ಹಿಂದೆ ನಿಂತು, ಎರಡು ಲಕೋಟೆಗಳೊಳಗಿನ ಪೂರ್ತಿ ಹೆಸರುಗಳನ್ನು ಓದಿಕೊಂಡರು.

"ಬೇರೆ," ಎಂದರು. "ಬೀಸೋ ದೊಣ್ಣೆ ತಪ್ಪಿತು ಅಂದ್ಕೋ. ಒಂದು ಸಾಲು ಸೇರಿಸಿ ಮತ್ತೆ ಮುದ್ರಿಸು."

"ಉಳಿದ ನಲವತ್ತು ಜೋಡಿಗಳನ್ನೂ ಇದೇ ನಿಯಮದಲ್ಲಿ ಒಂದಾಗಿಸಿದ್ದೇನೆ, ಮೇಡಂ."

"ಅಂದ್ರೆ ಎಂಬತ್ತು ಲಕೋಟೆ ಒಡೀಬೇಕಾ? ಒಂದೊಂದಕ್ಕೂ ಮತ್ತೆ ಮೊಹರು, ಮತ್ತೆ ನನ್ನ ಸಹಿ. ಐದಕ್ಕೆ ಕಳಿಸಬೇಕು, ಗೊತ್ತು ತಾನೆ?"

"ಗೊತ್ತು."

"ನಿನ್ನ ಸರ್ಟಿಫಿಕೇಟಿನಲ್ಲಿ ಏನು ಬರೀಲಿ ನಾನು, ಅದನ್ನಾದ್ರೂ ಹೇಳು."

"ಎಷ್ಟು ತಪ್ಪು ಸಿಗುತ್ತೋ ಅಷ್ಟು ಬರೀರಿ."

ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. ಮತ್ತೆ ನಿರ್ದೇಶಕರ ಕೋಣೆಗೆ ಹೋಗಿ, ಇನ್ನೊಂದು ಅನುಮತಿ ಪತ್ರದೊಂದಿಗೆ ಬಂದು, ಕುರ್ತಾದ ತೋಳು ಮೇಲಕ್ಕೆ ಮಡಚಿ ಬೀರುವಿನ ಬಾಗಿಲ ಹಿಂದೆ ನಿಂತರು. "ಓದು."

ಒಂದು ಐವತ್ತಕ್ಕೆ ಆರಂಭಿಸಿದೆವು. ನಾನು ಬಾಗಿಲಿನ ಈಚೆ ಎರಡು ಸಂಖ್ಯೆಗಳನ್ನು ಓದುತ್ತಿದ್ದೆ. ಆಚೆಯಿಂದ ಕಾಗದ ಹರಿಯುವ ಸದ್ದು, ಆಮೇಲೆ ಉತ್ತರ. ಒಂದೇ. ಒಂದೇ. ಒಂದೇ. ಪ್ರತಿ ಉತ್ತರದ ಎದುರಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಹದಿನೇಳನೆಯ ಜೋಡಿಗೆ ಉತ್ತರ ತಡವಾಯಿತು. "ಇನ್ನೊಂದು ಸಲ ಓದು," ಎಂದರು. ಓದಿದೆ. "ಬೇರೆ." ಮೂವತ್ತಮೂರನೆಯದಕ್ಕೂ ಹಾಗೆಯೇ ಆಯಿತು. ಆ ಎರಡರ ಎದುರಿಗೂ ನನ್ನ ಪೆನ್ಸಿಲಿನ ಗೆರೆ ಅಲುಗಿರಲಿಲ್ಲ. ಆಮೇಲೆ ಪರೀಕ್ಷಿಸಿ ನೋಡಿದೆ.

ನಾಲ್ಕು ಹತ್ತಕ್ಕೆ ಮುಗಿಯಿತು. ಹೊಸ ಪ್ರತಿ ಮುದ್ರಿಸಿ ಬೆಂಚಿನ ಬಳಿಗೆ ಒಯ್ದೆ.

"ಸೇರಿದನಾ?" ಎಂದರು ಅವರು.

ಸಾಲು ತೋರಿಸಿದೆ. ರಸೀದಿಯನ್ನು ಪಕ್ಕದಲ್ಲಿಟ್ಟು ಸಂಖ್ಯೆಯ ಪ್ರತಿ ಅಂಕಿಯ ಮೇಲೂ ಬೆರಳಿಟ್ಟು ಎರಡು ಸಲ ಹೋಲಿಸಿದರು. ಬಳಿಕ ರಸೀದಿಗಳನ್ನು ಹಿಂದಿನ ತೂತುಗಳಲ್ಲಿಯೇ ಗುಂಡುಸೂಜಿ ತೂರಿಸಿ ಜೋಡಿಸಿಕೊಂಡು ಹೊರಟರು.

ನಾಲ್ಕು ಐವತ್ತಕ್ಕೆ ಆರುನೂರ ಹದಿನೆಂಟು ಸಾಲುಗಳ ಪಟ್ಟಿ ಹೋಯಿತು. ನಲವತ್ತೊಂದು ಜೋಡಿಗಳಲ್ಲಿ ಮೂವತ್ತೆಂಟು ಒಬ್ಬೊಬ್ಬರವು, ಮೂರು ಇಬ್ಬಿಬ್ಬರವು. ಆ ಮೂರರಲ್ಲಿ ಎರಡರ ಬಗ್ಗೆ ಕೇಳಿಕೊಂಡು ಯಾರೂ ಬಂದಿರಲಿಲ್ಲ.