ಹದಿನೇಳನೇ ಹುಳುವಿನ ಎಂಟ್ರಿ

ವಿಶ್ವವಿದ್ಯಾಲಯದ ಸಂಶೋಧನೆಗಳಿಗೆಲ್ಲ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಇರುವ ಹೀರೋಗಳೆಂದರೆ ಪಾಚಿ, ತುಕ್ಕು, ಮಣ್ಣು. ಈ ಸಲ ಬಸವನಹುಳು.

ಬೆನ್ನ ಮೇಲೆ ಉಗುರುಬಣ್ಣದಲ್ಲಿ ನಂಬರ್ ಬರೆಸಿಕೊಂಡ ನಲವತ್ತು ಹುಳುಗಳು, ನಾವೆಲ್ಲ ಹುಳು ಮೇಡಮ್ ಎನ್ನುವ ಸಂಶೋಧಕಿಯ ಹತ್ತಿರ ಇದ್ದವು. ಒಮ್ಮೆ ಊಟ ಸಿಕ್ಕ ದಾರಿ ಅವಕ್ಕೆ ಮಾರನೇ ದಿನ ನೆನಪಿರುತ್ತದೆಯೇ? ಮೂರು ವರ್ಷದಿಂದ ಮೇಡಮ್‌ಗೆ ಇದೊಂದೇ ಚಿಂತೆ. ಸೋಮವಾರ ಅನುದಾನ ಸಮಿತಿ ವಿಡಿಯೊ ನೋಡಿ ಒಪ್ಪದಿದ್ದರೆ ಯೋಜನೆ ಬಂದ್.

ಸಮಿತಿಯ ಮುಖ್ಯಸ್ಥರು ಕತ್ತರಿ ಸರ್. ಕಂಡ ಯೋಜನೆಯನ್ನೆಲ್ಲ ಕತ್ತರಿಸುವವರು, ಅದೂ ಅರೆನಿದ್ದೆಯಲ್ಲಿ.

"ನೋಡಪ್ಪಾ, ನಿನ್ ತರ್ಲೆ ಏನೂ ಬೇಡ. ನನ್ ಹುಳುಗಳ ಜೀವ ನಿನ್ ಕೈಲಿದೆ," ಅಂದರು ಮೇಡಮ್.

"ಮೇಡಮ್, ಈ ಕೈ ಮೌಸ್ ಹಿಡಿದ್ರೆ ಹಿಸ್ಟರಿ!"

"ಅದೇ ನಂಗೆ ಭಯ."

ಮೇಡಮ್ ವಿವರಣೆ ಓದಿದ ದನಿ ಕೈಗೆ ಸಿಗುವ ತನಕ ಅಳತೆಗೆಂದು ನನ್ನ ದನಿಯಲ್ಲೇ ಬಾಯಿಗೆ ಬಂದ ಸಿನಿಮಾ ಡೈಲಾಗ್ ಹಾಕಿಕೊಂಡು ದೃಶ್ಯ ಜೋಡಿಸುವುದು ನನ್ನ ಪದ್ಧತಿ. ಆಮೇಲೆ ಅವರದನ್ನು ಸೇರಿಸಿ ನನ್ನದರ ಬಾಯಿ ಮುಚ್ಚಿಸಬೇಕು. ಸೇರಿಸಿದೆ, ಮುಚ್ಚಿಸಿದೆ. ಮುಚ್ಚಿಸಿದ್ದು ಮಾತ್ರ ಮೇಡಮ್ ಬಾಯಿ.

ಇದು ಗೊತ್ತಾಗಿದ್ದು ಸೋಮವಾರ, ಸಮಿತಿಯ ಎದುರು. ಪರದೆ ಮೇಲೆ ಹದಿನೇಳನೇ ಹುಳು ಸೌತೆಕಾಯಿ ಹೋಳಿನ ಕಡೆ ತೆವಳುತ್ತಿತ್ತು. ಸ್ಪೀಕರಿನಲ್ಲಿ ನನ್ನ ಗಂಟಲು ಗುಡುಗಿತು:

"ಲೇ ಸೌತೆಕಾಯಿ! ಓಡು, ಎಷ್ಟು ದೂರ ಓಡ್ತೀಯೋ ಓಡು! ನಂಗೇನೂ ಅರ್ಜೆಂಟಿಲ್ಲ!"

ಮೇಡಮ್ ನನ್ನತ್ತ ತಿರುಗಿದರು. ಆ ನೋಟಕ್ಕೆ ಸೆನ್ಸಾರ್ ಮಂಡಳಿ 'ಎ' ಸರ್ಟಿಫಿಕೇಟ್ ಕೊಡುತ್ತಿತ್ತು. ನಾನು ನಿಲ್ಲಿಸಲು ಕೈ ಚಾಚಿದೆ.

"ಏಯ್, ಮುಟ್ಬೇಡ!" ಕತ್ತರಿ ಸರ್ ಎಚ್ಚರವಾಗಿದ್ದರು!

ಸ್ಪೀಕರ್ ಮುಂದುವರಿಸಿತು: "ಮನೇನ ಬೆನ್ ಮೇಲೆ ಹೊತ್ಕೊಂಡ್ ಬಂದಿರೋನು ಕಣೋ ನಾನು. ತಿನ್ದೇ ವಾಪಸ್ ಹೋಗೋ ಮಾತೇ ಇಲ್ಲ!"

ಹುಳು ಎಡಕ್ಕೆ ಹೋಯಿತು, ದಾರಿ ತಪ್ಪಿತು, ಗೋಡೆಗೆ ಗುದ್ದಿತು, ಕೊನೆಗೆ ಸೌತೆಕಾಯಿಗೆ ಬಾಯಿ ಹಾಕಿತು. ಸಮಿತಿಯವರೊಬ್ಬರು ಶಿಳ್ಳೆ ಹೊಡೆದು, ಆಮೇಲೆ ಕೆಮ್ಮಿದಂತೆ ನಟಿಸಿದರು.

"ಏನಮ್ಮಾ," ಕತ್ತರಿ ಸರ್ ಕುರ್ಚಿ ತುದಿಗೆ ಬಂದರು, "ಮಾರನೇ ದಿನ ಅವ್ನಿಗೆ ದಾರಿ ನೆನಪಿತ್ತಾ?"

ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೇಡಮ್ ಶುರು ಮಾಡಿದರು ನೋಡಿ, ಇಪ್ಪತ್ತು ನಿಮಿಷ ಅಂಕಿ, ನಕ್ಷೆ, ಪಟ್ಟಿ! ಹದಿನೇಳಕ್ಕೆ ನೆನಪಿತ್ತು. ಎಡಕ್ಕೆ ತಿರುಗದೆ ನೆಟ್ಟಗೆ ಹೋಗಿತ್ತು. ಕತ್ತರಿ ಸರ್ ಒಮ್ಮೆಯೂ ಆಕಳಿಸಲಿಲ್ಲ. ಇನ್ನೆರಡು ವರ್ಷ ಮಂಜೂರು ಮಾಡಿ ಎದ್ದರು.

ನಾನು ಬಾಗಿಲ ಕಡೆ ಹುಳುವಿನ ವೇಗದಲ್ಲೇ ಜಾರುತ್ತಿದ್ದೆ.

"ಎಲ್ಲಿಗೆ ಹೀರೋ?" ಮೇಡಮ್ ಅಡ್ಡ ನಿಂತರು. "ಇನ್ನೂ ಮೂವತ್ತೊಂಬತ್ತು ಹುಳು ಇವೆ. ಎಲ್ಲದಕ್ಕೂ ನೀನೇ ದನಿ ಕೊಡ್ಬೇಕು. ಬೇರೆ ಬೇರೆ ದನಿ."

"ಮೇಡಮ್, ಹೀರೋಯಿನ್‌ಗಾದ್ರೂ ಬೇರೆ ಯಾರನ್ನಾದ್ರೂ ಕರೆಸಿ!"

"ಬಸವನಹುಳು ಗಂಡೂ ಹೌದು, ಹೆಣ್ಣೂ ಹೌದು ಕಣಪ್ಪಾ. ಡ್ಯುಯೆಟ್ಟೂ ನೀನೊಬ್ನೇ ಹಾಡು."